ಮಿಲ್ಟ್ರಿ ರಾಮಣ್ಣನ ಸೀಮೆಎಣ್ಣೆ ಜೆಟ್ಟು

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ರಸ್ತೆಯಲ್ಲಿ, ಎಣ್ಣೆ ಮಿಲ್ಲುಗಳ ಸಾಲು ಮುಗಿಯುವಲ್ಲಿ, ರಾಮಾಂಜನೇಯನ ತಗಡಿನ ಶೆಡ್ಡು ಇತ್ತು. ಬೋರ್ಡಿನ ಮೇಲೆ ‘ಇಲ್ಲಿ ಲಾರಿ ಟರ್ಬೋ ರಿಪೇರಿ ಮಾಡಲಾಗುವುದು’ ಎಂದಷ್ಟೇ ಬರೆದಿತ್ತು. ಟರ್ಬೋ ಅಂದರೆ ಲಾರಿಯ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ, ತೆಂಗಿನಕಾಯಿ ಗಾತ್ರದ ಒಂದು ಯಂತ್ರ. ಅದರೊಳಗೆ ಒಂದೇ ಸಲಾಕೆಯ ಎರಡು ತುದಿಗೆ ಎರಡು ಪುಟ್ಟ ಚಕ್ರಗಳು. ಎಂಜಿನ್ನಿನ ಹೊಗೆ ಒಂದನ್ನು ತಿರುಗಿಸುತ್ತದೆ, ಆ ತಿರುಗಿನಲ್ಲಿ ಇನ್ನೊಂದು ಗಾಳಿಯನ್ನು ಎಳೆದು ಒಳಗೆ ತಳ್ಳುತ್ತದೆ. ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಆ ರಸ್ತೆಯಲ್ಲಿ ಇರುವೆಯ ಹಾಗೆ ಹರಿಯುತ್ತಿದ್ದ ವರ್ಷಗಳವು. ಕೆಂಪು ಧೂಳು ಕುಡಿದು ಟರ್ಬೋಗಳು ಕೆಡುತ್ತಿದ್ದವು, ರಾಮಾಂಜನೇಯನಿಗೆ ಬಿಡುವಿರುತ್ತಿರಲಿಲ್ಲ.

ಊರಿನವರು ಅವನನ್ನು ಕರೆಯುತ್ತಿದ್ದುದು ಮಿಲ್ಟ್ರಿ ರಾಮಣ್ಣ ಎಂದು. ಅವನು ಪರಶುರಾಂಪುರದ ಹತ್ತಿರದ ಒಂದು ಹಟ್ಟಿಯವನು, ಕುರಿ ಕಾಯುವ ಮನೆತನ. ಹತ್ತೊಂಬತ್ತನೆಯ ವಯಸ್ಸಿಗೆ, ಭರ್ತಿಗೆ ಹೊರಟ ಗೆಳೆಯನಿಗೆ ಜೊತೆಯಾಗಿ ಹೋಗಿ, ಗೆಳೆಯ ಫೇಲಾಗಿ ತಾನು ಪಾಸಾಗಿ ವಾಯುಸೇನೆ ಸೇರಿದ. ಹಾರುವ ಕೆಲಸವಲ್ಲ. ಜೆಟ್ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುವ ಫಿಟ್ಟರ್ ಕೆಲಸ. ಇಪ್ಪತ್ತು ವರ್ಷ ಉತ್ತರದ ಬಿಸಿಲು, ಚಳಿ ಎರಡನ್ನೂ ಕಂಡು, ತೊಂಬತ್ತನಾಲ್ಕರಲ್ಲಿ ನಿವೃತ್ತನಾಗಿ ಊರಿಗೆ ಬಂದ. ವಿಮಾನಗಳೆಲ್ಲ ಅಲ್ಲೇ ಉಳಿದವು. ಅವನ ಕೈಗೆ ಸಿಕ್ಕಿದ್ದು ಲಾರಿಗಳು.

ಹೆಂಡತಿ ವನಜಾಕ್ಷಿ ಮೊಳಕಾಲ್ಮೂರಿನವಳು. ಮದುವೆಗೆ ಮುಂಚೆ ಅಲ್ಲಿನ ಒಂದು ಮಗ್ಗದ ಮನೆಯಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದಳು. ಮದುವೆಯಾಗಿ ಗಂಡನ ಹಿಂದೆ ಹೋದ ಮೇಲೆ ಮಗ್ಗ ಬಿಟ್ಟಿತು, ಕ್ವಾರ್ಟರ್ಸ್ ಗಂಟುಬಿತ್ತು. ಕ್ವಾರ್ಟರ್ಸಿನ ಬೆನ್ನಿಗೇ ರನ್‌ವೇ. ಮಗಳು ಸ್ವಪ್ನಳನ್ನು ತಟ್ಟಿ ತಟ್ಟಿ ಮಲಗಿಸಿ ಕೈ ತೆಗೆಯುವಷ್ಟರಲ್ಲಿ ಒಂದು ಜೆಟ್ಟು ಕೂಗಿಕೊಂಡು ಮೇಲೇಳುತ್ತಿತ್ತು, ಮಗು ಎದ್ದು ಕೂರುತ್ತಿತ್ತು. ಆ ಸದ್ದಿಗೆ ವನಜಾಕ್ಷಿ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಚಳ್ಳಕೆರೆಗೆ ಬಂದ ಮೊದಲ ದಿನ ಮನೆಯ ಹಿತ್ತಲಲ್ಲಿ ನಿಂತು, “ಅಬ್ಬಾ, ಎಷ್ಟು ನಿಶ್ಶಬ್ದ ಐತ್ರೀ!” ಎಂದಿದ್ದಳು. ರಾಮಾಂಜನೇಯ ಹೂಂ ಎಂದಿದ್ದ. ಆದರೆ ಅವನಿಗೆ ಆ ನಿಶ್ಶಬ್ದ ಎಂದೂ ಒಗ್ಗಲಿಲ್ಲ.

ಮಗಳನ್ನು ಹಿರಿಯೂರಿಗೆ ಕೊಟ್ಟು ಮದುವೆ ಮಾಡಿದ ವರ್ಷ, ಬೆಂಗಳೂರಿನಿಂದ ಹನುಮಂತರಾಜು ಬಂದ. ರಾಮಾಂಜನೇಯನ ಜೊತೆ ಒಂದೇ ಹ್ಯಾಂಗರಿನಲ್ಲಿ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಆಟದ ವಿಮಾನ ಹಾರಿಸುವ ಹುಚ್ಚು ಹಿಡಿಸಿಕೊಂಡಿದ್ದ. ಬರುವಾಗ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಜೆಟ್ಟನ್ನು ತಂದಿದ್ದ. ಥರ್ಮೋಕೋಲಿನಂಥ ಹಗುರ ಫೋಮಿನ ಮೈ, ರೆಕ್ಕೆಯಿಂದ ರೆಕ್ಕೆಗೆ ಒಂದೂವರೆ ಗಜ, ಹೊಟ್ಟೆಯೊಳಗೆ ಬ್ಯಾಟರಿಯಲ್ಲಿ ತಿರುಗುವ ಫ್ಯಾನು. ಮೂಗು ಒಡೆದಿತ್ತು.

“ನನ್ನ ಕೈಲಿ ಎರಡು ಸಲ ಬಿತ್ತು. ನಿಂಗೆ ರಿಪೇರಿ ಬರ್ತದಲ್ಲ, ಇಟ್ಕೋ,” ಎಂದು ಕೊಟ್ಟು ಹೋದ. ಕೈಯಲ್ಲಿ ಹಿಡಿದು ವಿಮಾನ ನಡೆಸುವ ರೇಡಿಯೋ ಪೆಟ್ಟಿಗೆಯನ್ನೂ ಕೊಟ್ಟ.

ಮುಂದಿನ ಭಾನುವಾರಗಳೆಲ್ಲ ಕಾವಲಿನಲ್ಲಿ ಕಳೆದವು. ಚಳ್ಳಕೆರೆಯ ಸುತ್ತ ಹುಲ್ಲುಗಾವಲು ಕಣ್ಣು ಹರಿಯುವಷ್ಟು ದೂರ. ಅಲ್ಲೊಂದು ಜಾಲಿ, ಇಲ್ಲೊಂದು ಬೇವು ಬಿಟ್ಟರೆ ಅಡ್ಡವೇ ಇಲ್ಲ. ರಾಮಾಂಜನೇಯ ಸ್ಕೂಟರಿನಲ್ಲಿ ಮುಂದೆ, ಜೆಟ್ಟನ್ನು ಮಡಿಲಲ್ಲಿಟ್ಟುಕೊಂಡು ವನಜಾಕ್ಷಿ ಹಿಂದೆ. ಅವನು ಹಾರಿಸುತ್ತಿದ್ದ, ಅವಳು ಬೇವಿನ ಕೆಳಗೆ ಬುತ್ತಿ ಇಟ್ಟುಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಲ್ಲಿ ಕುರಿ ಮೇಯಿಸುವ ದೊಡ್ಡೀರಪ್ಪ ಎಂಬ ಮುದುಕ ಕೋಲಿನ ಮೇಲೆ ಗಲ್ಲವಿಟ್ಟು ನೋಡುತ್ತ ನಿಲ್ಲುತ್ತಿದ್ದ.

“ಹೆಂಗೈತೆ ದೊಡ್ಡೀರಪ್ಪ?” ಎಂದರೆ,

“ಐತೆ ಬಿಡಪ್ಪ. ಆದ್ರೆ ಮಿಕ್ಸಿ ತಿರುವಿದಂಗೆ ಸದ್ದು ಮಾಡ್ತೈತೆ,” ಎನ್ನುತ್ತಿದ್ದ.

ರಾಮಾಂಜನೇಯನಿಗೆ ಆ ಮಾತು ಚುಚ್ಚುತ್ತಿತ್ತು. ಯಾಕೆಂದರೆ ಅದು ನಿಜ.

ಎರಡು ಸಾವಿರದ ಮೂರರ ಒಂದು ಭಾನುವಾರ, ಸುಲಿಯುತ್ತಿದ್ದ ಕಾಯಿಂದ ತಲೆಯೆತ್ತಿದ ವನಜಾಕ್ಷಿಗೆ ಏನೋ ಸರಿಯಿಲ್ಲ ಅನ್ನಿಸಿತು. ಜೆಟ್ಟು ಎಡಗಡೆ ದೂರದಲ್ಲಿ ತಿರುಗುತ್ತಿತ್ತು. ಗಂಡ ನೋಡುತ್ತಿದ್ದುದು ನೇರ ಎದುರಿನ ಖಾಲಿ ಆಕಾಶವನ್ನು. ಅವನ ತಲೆ ಸಣ್ಣಗೆ ಆಚೀಚೆ ಆಡುತ್ತಿತ್ತು, ಜಾತ್ರೆಯಲ್ಲಿ ಕೈಬಿಟ್ಟ ಮಗುವನ್ನು ಹುಡುಕುವವರ ಹಾಗೆ. ಅವಳು ಎದ್ದು ಬಂದಳು.

“ಎಲ್ಲಿ ನೋಡ್ತಿದೀರಿ?”

“ವಿಮಾನಾನೇ ನೋಡ್ತಿದೀನಿ ಕಣೇ.”

“ಅದು ಈ ಕಡೆ ಐತಲ್ರೀ!”

ಅವನು ತಿರುಗುವಷ್ಟರಲ್ಲಿ ಜೆಟ್ಟು ಹುಲ್ಲಿಗೆ ಬಿದ್ದಾಗಿತ್ತು. ಅದನ್ನು ತರಲು ಅವಳೇ ಹೋದಳು. ಬಂದು ಅವನ ಪಕ್ಕ ಕೂತು, ಬೈಯಲಿಲ್ಲ, ಅಳಲಿಲ್ಲ. “ಯಾವಾಗಿಂದ?” ಎಂದು ಮಾತ್ರ ಕೇಳಿದಳು.

“ಎರಡು ವರ್ಷ ಆಗಿರಬಹುದು,” ಎಂದ. “ಕೊಳವೆಯೊಳಗಿಂದ ನೋಡಿದಂಗೆ ಕಾಣ್ತೈತೆ ವನಜಾ. ನೇರ ಇರೋದು ಚೆನ್ನಾಗಿ ಕಾಣ್ತೈತೆ. ಪಕ್ಕದ್ದು ಇಲ್ಲವೇ ಇಲ್ಲ. ಅಂಗಡೀಲಿ ಕೈಗೆಲ್ಲಾ ಗೊತ್ತೈತಲ್ಲ, ಅದಕ್ಕೆ ನಡೀತಿತ್ತು.”

ಚಿತ್ರದುರ್ಗದ ಕಣ್ಣಿನ ಡಾಕ್ಟರು ಯಂತ್ರದ ಮುಂದೆ ಕೂರಿಸಿ ನೋಡಿದರು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ, ಹೋದ ನೋಟ ಹೋಯಿತು, ಉಳಿದದ್ದನ್ನು ಹನಿ ಔಷಧಿಯಲ್ಲಿ ಆದಷ್ಟು ದಿನ ಕಾಪಾಡಬಹುದು ಎಂದರು. ಮನೆಗೆ ಬಂದವನೇ ರಾಮಾಂಜನೇಯ ಜೆಟ್ಟನ್ನು ಅಟ್ಟದ ಮೇಲಿಟ್ಟ. ವನಜಾಕ್ಷಿ ದಿನಕ್ಕೆ ಎರಡು ಸಲ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿ ಹಾಕುತ್ತಿದ್ದಳು. ಔಷಧಿ ಉರಿಯುತ್ತಿತ್ತು. ಅವಳು ಊದುತ್ತಿದ್ದಳು. ಹೀಗೇ ಹತ್ತು ತಿಂಗಳು.

ಒಂದು ದಿನ ಅಂಗಡಿಯಲ್ಲಿ, ಕೆಟ್ಟ ಟರ್ಬೋ ಒಂದನ್ನು ಬಿಚ್ಚಿ ಅದರ ಗಾಳಿಚಕ್ರವನ್ನು ಅಂಗೈಯಲ್ಲಿಟ್ಟು ಸವರುತ್ತಿದ್ದಾಗ ಅವನ ಕೈ ನಿಂತಿತು. ಗಾಳಿಯನ್ನು ಒತ್ತುವ ಚಕ್ರ ಇಲ್ಲೇ ಇದೆ. ಮಧ್ಯೆ ಬೆಂಕಿಗೊಂದು ಮನೆ, ಹಿಂದೆ ಬಿಸಿಗಾಳಿಗೆ ತಿರುಗುವ ಇನ್ನೊಂದು ಚಕ್ರ. ಇಷ್ಟಾದರೆ ಜೆಟ್ ಎಂಜಿನ್ನೇ ಆಯಿತು. ಇಪ್ಪತ್ತು ವರ್ಷ ತಾನು ಬಿಚ್ಚಿ ಜೋಡಿಸಿದ್ದು ಇದನ್ನೇ, ಗಾತ್ರ ಮಾತ್ರ ಬೇರೆ. ಮಧ್ಯಾಹ್ನವೇ ಬಾಗಿಲು ಹಾಕಿ ಮನೆಗೆ ಬಂದ.

“ವನಜಾ, ಆ ಜೆಟ್ಟಿಗೆ ನಿಜವಾದ ಎಂಜಿನ್ ಹಾಕ್ತೀನಿ. ಸೀಮೆಎಣ್ಣೇಲಿ ಓಡೋದು.”

“ಯಾಕ್ರೀ, ಕಣ್ಣಿಗೆ ಕಾಣ್ದೇ ಇರೋದಕ್ಕೆ?”

“ಅದಕ್ಕೇ. ಆ ಮಿಕ್ಸಿ ಸದ್ದು ದೂರ ಹೋದ್ರೆ ಕೇಳಲ್ಲ. ಇದು ಎಲ್ಲಿದ್ರೂ ಕೇಳ್ತೈತೆ. ಕಣ್ಣಿಗೆ ಸಿಗದಿದ್ರೂ ಕಿವಿಗೆ ಸಿಗ್ತೈತೆ.”

“ಕಿವೀಲಿ ಕೇಳ್ಕೊಂಡು ಹಾರ್ಸಕ್ಕಾಗ್ತೈತಾ?”

“ಆಗಲ್ಲ. ಹಾರ್ಸೋಳು ನೀನು.”

ವನಜಾಕ್ಷಿ ಸೌಟು ಹಿಡಿದುಕೊಂಡೇ ನಕ್ಕಳು. ಅವನು ನಗಲಿಲ್ಲ. ಅವಳ ನಗು ನಿಧಾನಕ್ಕೆ ನಿಂತಿತು. “ಆ ಸದ್ದಿಗೆ ಶಾಪ ಹಾಕ್ಕೊಂಡು ಅರ್ಧ ಆಯುಸ್ಸು ಕಳೆದೋಳು ನಾನು,” ಎಂದಳು. ಆಮೇಲೆ, “ಮೊದಲು ಎಂಜಿನ್ ಮಾಡಿ, ನೋಡಾಣ,” ಎಂದಳು.

ಎಂಜಿನ್ ಮಾಡಲು ಕೆಂಚಣ್ಣ ಬೇಕಾಯಿತು. ಎಣ್ಣೆ ಮಿಲ್ಲುಗಳ ಸವೆದ ಭಾಗಗಳನ್ನು ತಿರುಗಿಸಿ ಕೊಡುವ ಲೇತ್ ಅಂಗಡಿಯವನು ಅವನು, ರಾಮಾಂಜನೇಯನ ಶಾಲೆಯ ಗೆಳೆಯ. ಕಾಗದದ ಮೇಲೆ ಬರೆದ ಚಿತ್ರ ನೋಡಿ, “ಲೇ ರಾಮ, ಇದು ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತೈತೆ?” ಎಂದು ಕೇಳಿದ.

“ಎಪ್ಪತ್ತು ಸಾವಿರ.”

“ನನ್ನ ಲೇತು ಸಾವಿರ ದಾಟಿದ್ರೆ ನಡುಗ್ತೈತೆ ಕಣಲೇ!” ಎಂದ ಕೆಂಚಣ್ಣ. ಆದರೂ ಸಲಾಕೆ ತಿರುಗಿಸಿ ಕೊಟ್ಟ. ಟರ್ಬೋದ ಹಿಂದಿನ ಚಕ್ರ ಹಾರುವುದಕ್ಕೆ ಭಾರ, ಹೊಸದಕ್ಕೆ ಕೆಂಪಗೆ ಕಾದರೂ ಬಗ್ಗದಂಥ ಉಕ್ಕು ಬೇಕಿತ್ತು. ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಹನುಮಂತರಾಜು ಒಂದು ತುಂಡು ಕಳಿಸಿದ. ಅದನ್ನು ಬಿಲ್ಲೆಯಾಗಿ ಕತ್ತರಿಸಿ, ಸುತ್ತಲೂ ಸೀಳಿ, ಒಂದೊಂದು ಎಸಳನ್ನೂ ಇಕ್ಕಳದಲ್ಲಿ ಹಿಡಿದು ಒಂದೇ ಓರೆಗೆ ತಿರುಚಬೇಕು. ಹೊರಕವಚಕ್ಕೆ ತಕ್ಕ ಅಳತೆಯ ತೆಳು ಸ್ಟೀಲ್ ಕೊಳವೆ ಎಲ್ಲೂ ಸಿಗಲಿಲ್ಲ. ಕೊನೆಗೆ ವನಜಾಕ್ಷಿಯೇ ಅಡುಗೆಮನೆಯಿಂದ ಸಾರಿನಪುಡಿಯ ಸ್ಟೀಲ್ ಡಬ್ಬ ತಂದು ಅಳತೆ ಹಿಡಿದು ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಪುಡಿಯನ್ನು ಕಾಗದದಲ್ಲಿ ಕಟ್ಟಿಟ್ಟಳು. ಎಷ್ಟು ತೊಳೆದರೂ, ಆ ಎಂಜಿನ್ ಮೊದಲ ನಾಲ್ಕು ಸಲ ಬಿಸಿಯಾದಾಗ ಮೆಂತ್ಯದ ವಾಸನೆ ಬರುತ್ತಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಚಕ್ರಗಳ ತೂಕ ಸರಿದೂಗಿಸುವುದು. ಒಂದು ಕಡೆ ಸಾಸಿವೆಯಷ್ಟು ಭಾರ ಹೆಚ್ಚಿದ್ದರೂ ಆ ವೇಗದಲ್ಲಿ ಎಂಜಿನ್ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಎರಡು ಶೇವಿಂಗ್ ಬ್ಲೇಡುಗಳನ್ನು ಸಮವಾಗಿ ನಿಲ್ಲಿಸಿ, ಅವುಗಳ ಮೇಲೆ ಸಲಾಕೆಯನ್ನಿಟ್ಟು, ಯಾವ ಕಡೆ ತಾನಾಗಿ ಕೆಳಗೆ ಉರುಳುತ್ತದೋ ಆ ಕಡೆ ಅರದಿಂದ ಉಜ್ಜಬೇಕು. ರಾಮಾಂಜನೇಯನ ಕಣ್ಣಿಗೆ ಆ ಚಿಕ್ಕ ಉರುಳಾಟ ಹಿಡಿಯಲಿಲ್ಲ. ಮೂರು ದಿನ ಹೆಣಗಿ ನಾಲ್ಕನೆಯ ದಿನ ಅರ ಕೆಳಗಿಟ್ಟ.

“ಸರೀರಿ ಅತ್ಲಾಗೆ,” ಎಂದಳು ವನಜಾಕ್ಷಿ. ಸೀರೆಯ ಸೆರಗು ಸಿಕ್ಕಿಸಿ ಕೂತು, ಸಲಾಕೆಯನ್ನು ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ತಿರುಗಿಸಿದಳು. ಕಣ್ಣು ಮುಚ್ಚಿಕೊಂಡಳು. ನೂರಾರು ರೇಷ್ಮೆ ಎಳೆಗಳಲ್ಲಿ ಯಾವುದು ಸಡಿಲ ಎಂದು ಬೆರಳಾಡಿಸಿ ಹೇಳುತ್ತಿದ್ದ ಕೈ ಅದು. “ಇಲ್ಲಿ ಭಾರ ಐತೆ,” ಎಂದು ಉಗುರಿನಿಂದ ತೋರಿಸಿದಳು. ಅವನು ಉಜ್ಜಿದ. “ಇನ್ನೊಂಚೂರು. ಸಾಕು, ಸಾಕು ಅಂದ್ನಲ್ಲ! ಈಗ ಆ ಕಡೆ.” ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೊಂದನೆಯ ದಿನ ಸಲಾಕೆ ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತಿತು.

ಹಿತ್ತಲಲ್ಲಿ ಒಗೆಯುವ ಕಲ್ಲಿಗೆ ಎಂಜಿನ್ನನ್ನು ಬಿಗಿದು ಮೊದಲ ಸಲ ಹಚ್ಚಿದರು. ಕಂಪ್ಯೂಟರ್ ಅಂಗಡಿಯವರು ಧೂಳು ಹೊಡೆಯುವ ಬ್ಲೋವರಿನಿಂದ ಚಕ್ರಕ್ಕೆ ತಿರುಗು ಕೊಡುವುದು, ಅಡುಗೆ ಗ್ಯಾಸ್ ಬಿಟ್ಟು ಬೆಂಕಿ ಹತ್ತಿಸುವುದು, ಕಾದ ಮೇಲೆ ಸೀಮೆಎಣ್ಣೆ ಬಿಡುವುದು. ಸೀಮೆಎಣ್ಣೆ ಬಿಟ್ಟ ತಕ್ಷಣ ಹಿಂದಿನಿಂದ ಒಂದಾಳುದ್ದ ಬೆಂಕಿ ಚಾಚಿತು. ಕೆಂಚಣ್ಣ ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಬಿದ್ದ. ವನಜಾಕ್ಷಿ ಒದ್ದೆ ಗೋಣಿಚೀಲ ಎಸೆದು ಆರಿಸಿದಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಹತ್ತಲೇ ಇಲ್ಲ. ನಾಲ್ಕನೆಯ ಸಲ, ಮೊದಲು ಸೀಟಿಯಷ್ಟು ಸಣ್ಣಗೆ ಶುರುವಾದ ಸದ್ದು ಏರಿತು, ಇನ್ನೂ ಏರಿತು, ಬ್ಲೋವರ್ ತೆಗೆದರೂ ನಿಲ್ಲದೆ ತಾನಾಗಿ ಏರಿತು. ಹಿತ್ತಲಿನ ತುಂಬ, ಓಣಿಯ ತುಂಬ ಅದೇ ಆಯಿತು. ತಂತಿಯ ಮೇಲಿನ ಬಟ್ಟೆಗಳು ಹಾರಿ ಹೋದವು.

ವನಜಾಕ್ಷಿ ಕಿವಿ ಮುಚ್ಚಿಕೊಂಡು ಗಂಡನ ಕಡೆ ನೋಡಿದಳು. ಅವನು ಕಿವಿ ಮುಚ್ಚಿಕೊಂಡಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು, ಗದ್ದ ಮೇಲೆದ್ದಿತ್ತು. ಹನಿ ಔಷಧಿಯ ದಿನಗಳಿಂದ ಅವಳು ಕಾಣದೆ ಹೋಗಿದ್ದ ಮುಖ ಅದು. ಅವಳು ನಿಧಾನಕ್ಕೆ ತನ್ನ ಕಿವಿಯ ಮೇಲಿನ ಕೈ ತೆಗೆದಳು.

ಎಂಜಿನ್ ಆಯಿತು. ಇನ್ನು ಜೆಟ್ಟನ್ನು ಅದಕ್ಕೆ ಒಗ್ಗಿಸಬೇಕು. ಫೋಮಿಗೆ ಬೆಂಕಿಯೂ ಆಗದು, ಸೀಮೆಎಣ್ಣೆಯೂ ಆಗದು. ಅಟ್ಟದಿಂದ ಇಳಿಸಿ, ಹೊಟ್ಟೆ ಸೀಳಿ ಹಳೆಯ ಫ್ಯಾನು ತೆಗೆದರು. ಬಾಲದುದ್ದಕ್ಕೂ ಒಂದು ಸ್ಟೀಲ್ ಕೊಳವೆ ತೂರಿಸಿ ಎಂಜಿನ್ ಕೂರಿಸಿದರು. ಕಾರಿನ ಗಾಜಿಗೆ ನೀರು ಚಿಮ್ಮಿಸುವ ಪುಟ್ಟ ಪಂಪು ಸೀಮೆಎಣ್ಣೆ ತಳ್ಳಲು ಬಂತು. ನೆಲದ ಮೇಲೆ ಕಟ್ಟಿಹಾಕಿ ಹಚ್ಚಿ ನೋಡಿದಾಗ ಒಂದು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಬಾಲ ಮೆಲ್ಲಗೆ ಬಾಗಿ, ಬಿಸಿಲಿಗಿಟ್ಟ ಮೇಣದ ಬತ್ತಿಯ ಹಾಗೆ ನೆಲಕ್ಕೆ ಒರಗಿತು. ಕೊಳವೆಗೂ ಫೋಮಿಗೂ ನಡುವೆ ಗಾಳಿ ಹರಿಯಲು ಬೆರಳಗಲ ಜಾಗ ಬಿಡಬೇಕಿತ್ತು. ಅದು ರಾಮಾಂಜನೇಯನಿಗೆ ಗೊತ್ತಿತ್ತು. ನಿಜದ ವಿಮಾನದಲ್ಲೂ ಹಾಗೇ ಇರುತ್ತದೆ. ಆತುರದಲ್ಲಿ ಮರೆತಿದ್ದ. ಬಾಲವನ್ನು ಹೊಸದಾಗಿ ಕೊರೆದು ಒಳಗೆಲ್ಲ ತಿಂಡಿ ಸುತ್ತುವ ಬೆಳ್ಳಿಹಾಳೆ ಅಂಟಿಸಿದರು. ಹೊರಮೈಗೆ ಸೀಮೆಎಣ್ಣೆ ತಾಗದಂತೆ ಬಟ್ಟೆ ಹೊದಿಸಿ ಬಣ್ಣ ಬಳಿಯಬೇಕು, ಆದರೆ ತೂಕ ಹೆಚ್ಚಬಾರದು.

ಅದಕ್ಕಾಗಿ ವನಜಾಕ್ಷಿ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ಚಿಕ್ಕಕ್ಕ ಎಂದು ಎಲ್ಲರೂ ಕರೆಯುವ ಅವಳ ಅಕ್ಕ ಇನ್ನೂ ಮಗ್ಗದ ಮುಂದೆಯೇ ಇದ್ದಳು. ನೇಯ್ದು ಉಳಿದ ತುಂಡು ರೇಷ್ಮೆ ಬೇಕು ಎಂದರೆ, ಯಾತಕ್ಕೆ ಎಂದು ಕೇಳಿದಳು.

“ವಿಮಾನಕ್ಕೆ ಹೊದ್ಸಾಕೆ.”

ಚಿಕ್ಕಕ್ಕ ಲಾಳಿ ನಿಲ್ಲಿಸಿದಳು. “ಏಮೇ, ನಿಂಗೇನು ಪಿಚ್ಚಿ ಹಿಡೀತಾ? ಆಯಪ್ಪನ ಕಣ್ಣು ಹೋಗ್ತೈತೆ ಅಂತ ಊರೆಲ್ಲಾ ಮಾತಾಡ್ತೈತೆ, ನೀನು ಆಟದ ಸಾಮಾನಿಗೆ ಸೀರೆ ಉಡ್ಸಾಕೆ ಬಂದಿದೀಯ?”

“ಹೋಗ್ತೈತೆ ಅಂತಾನೇ ಅಕ್ಕ,” ಎಂದಳು ವನಜಾಕ್ಷಿ. “ಪೂರಾ ಹೋಗೋದ್ರೊಳಗೆ ಒಂದ್ಸಲ ಹಾರಬೇಕು. ನಾನೇ ಹಾರಿಸ್ಬೇಕು.”

ಚಿಕ್ಕಕ್ಕ ಲಾಳಿಯನ್ನು ಬದಿಗಿಟ್ಟಳು. ಆಮೇಲೆ ಎದ್ದು, ಒಳಗಿನ ಟ್ರಂಕಿನಿಂದ ತುಂಡುಗಳ ಗಂಟನ್ನೇ ತಂದು ಮಡಿಲಿಗೆ ಹಾಕಿದಳು. “ಅಂಚು ಇರೋದು ಹಾಕ್ಬೇಡ, ಜರಿ ಭಾರ,” ಎಂದಳು.

ಹಾರಿಸಲು ಕಲಿಯುವುದಕ್ಕೆ ಒಂದು ವರ್ಷ ಹಿಡಿಯಿತು. ಹನುಮಂತರಾಜು ಕಳಿಸಿದ ನಿಧಾನಗತಿಯ, ಅಗಲ ರೆಕ್ಕೆಯ ಬ್ಯಾಟರಿ ವಿಮಾನದಲ್ಲಿ ಪಾಠ. ವನಜಾಕ್ಷಿ ಅದನ್ನು ಜಾಲಿಗೆ ಹೊಡೆದಳು, ನೆಲಕ್ಕೆ ಹೊಡೆದಳು, ಒಮ್ಮೆ ದೊಡ್ಡೀರಪ್ಪನ ತಲೆಯ ಮೇಲಿನ ಪಟಗಕ್ಕೂ ಹೊಡೆದಳು. ದೂರ ಹೋಗುವಾಗ ಸರಿಯಾಗಿಯೇ ಇರುತ್ತಿತ್ತು. ತನ್ನ ಕಡೆ ತಿರುಗಿ ಬರುವಾಗ ಎಡ ಬಲವಾಗಿ, ಬಲ ಎಡವಾಗಿ ಕೈ ಕಲಸಿಹೋಗುತ್ತಿತ್ತು. ಒಂದು ದಿನ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟು, “ನನ್ನ ಕೈಲಿ ಆಗಲ್ಲ. ನಿಮ್ಮ ಆಸೆಗೆ ಬೇರೆ ಯಾರನ್ನಾದ್ರೂ ಹುಡುಕ್ಕಳ್ರಿ,” ಎಂದು ಅತ್ತಳು.

ರಾಮಾಂಜನೇಯ ಕೈಚಾಚಿ ಪೆಟ್ಟಿಗೆಯನ್ನು ತಡಕಿ ಎತ್ತಿಕೊಂಡ. “ಎಡ ಬಲ ಬಿಡು. ನಿನ್ನ ಕಡೆ ಬರುವಾಗ ಯಾವ ರೆಕ್ಕೆ ಕೆಳಗೆ ಬಿದ್ದೈತೆ ನೋಡು. ಆ ಕಡೆಗೇ ಪೆಟ್ಟಿಗೆಯ ಕಡ್ಡಿ ತಳ್ಳು. ಬಿದ್ದೋನಿಗೆ ಕೈ ಆಸರೆ ಕೊಟ್ಟಂಗೆ. ಅಷ್ಟೇ.”

ಅವಳು ಮೂಗೊರೆಸಿಕೊಂಡು ಎದ್ದಳು. ಬಿದ್ದ ರೆಕ್ಕೆಗೆ ಆಸರೆ. ಅದು ಅವಳಿಗೆ ಅರ್ಥವಾಯಿತು. ಮಗ್ಗದ ಮುಂದೆ ಕಾಲು ಒಂದು ಕೆಲಸ, ಕೈ ಒಂದು ಕೆಲಸ ಮಾಡಿದ ಅಭ್ಯಾಸವೂ ಮೆಲ್ಲಗೆ ನೆರವಿಗೆ ಬಂತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ವಿಮಾನವನ್ನು ತನ್ನ ಕಾಲ ಬುಡಕ್ಕೇ ತಂದು ಇಳಿಸುತ್ತಿದ್ದಳು.

ಎರಡು ಸಾವಿರದ ಆರರ ಜನವರಿ, ಸಂಕ್ರಾಂತಿ ಕಳೆದ ಭಾನುವಾರ. ಬೆಳಗಿನ ಎಳೆಬಿಸಿಲು, ಗಾಳಿ ಇಲ್ಲ. ಕೆಂಚಣ್ಣ ಬ್ಲೋವರ್ ಮತ್ತು ಗೋಣಿಚೀಲ ಹಿಡಿದು ಬಂದಿದ್ದ. ದೊಡ್ಡೀರಪ್ಪ ಕುರಿಗಳನ್ನು ದೂರ ಅಟ್ಟಿ ಬಂದು ನಿಂತ. ಕಾವಲಿನ ನಡುವಿನ ಗಟ್ಟಿ ಮಣ್ಣುದಾರಿಯ ಮೇಲೆ ಜೆಟ್ಟನ್ನು ನಿಲ್ಲಿಸಿದರು. ಆ ಹೊತ್ತಿಗೆ ರಾಮಾಂಜನೇಯನಿಗೆ ಎದುರಿನಲ್ಲಿ ಒಂದು ತಟ್ಟೆಯಗಲದಷ್ಟು ಮಾತ್ರ ಕಾಣುತ್ತಿತ್ತು.

ಎಂಜಿನ್ ಹತ್ತಿತು. ಅವನು ಬಂದು ಹೆಂಡತಿಯ ಹಿಂದೆ ನಿಂತು, ಎಡಗೈಯನ್ನು ಅವಳ ಭುಜದ ಮೇಲಿಟ್ಟ.

“ಇದು ಬ್ಯಾಟರಿ ಥರ ತಕ್ಷಣ ಮಾತು ಕೇಳಲ್ಲ,” ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳಿದ. “ಮೂರು ಉಸಿರು ಮುಂಚೆನೇ ಹೇಳ್ಬೇಕು. ಹೂಂ, ಎಣ್ಣೆ ಕೊಡು.”

ಜೆಟ್ಟು ಮೊದಲು ಕದಲಲಿಲ್ಲ. ಆಮೇಲೆ ಉರುಳಿತು, ಓಡಿತು, ದಾರಿಯ ಕಲ್ಲಿಗೆ ಒಮ್ಮೆ ಕುಪ್ಪಳಿಸಿತು, ಕುಪ್ಪಳಿಸಿದ್ದು ಕೆಳಗೆ ಬರಲಿಲ್ಲ.

“ಎದ್ದೈತ್ರೀ! ಮ್ಯಾಲೆ ಎದ್ದೈತೆ!”

“ಗೊತ್ತಾಯ್ತು. ಎಲ್ಲೈತೆ ಹೇಳ್ತಾ ಇರು.”

“ಬೇವಿನ ಮರದ ಮ್ಯಾಲೆ. ಈಗ ಬಲಕ್ಕೆ ತಿರುಗುಸ್ತಿದೀನಿ.”

“ದಮ್ಮು ಕಟ್ಟಿದಂಗೆ ಕೂಗ್ತೈತೆ. ಮೂತಿ ಜಾಸ್ತಿ ಎತ್ತೀಯ. ಇಳಿಸು ಒಂಚೂರು. ಹಾಂ, ಈಗ ಸರಿ ಹೋಯ್ತು.”

ಅವನಿಗೆ ಜೆಟ್ಟು ಕಾಣುತ್ತಿರಲಿಲ್ಲ. ಆದರೆ ಅವನ ಮುಖ ಸದ್ದಿನ ಹಿಂದೆಯೇ ತಿರುಗುತ್ತಿತ್ತು, ಬಲದಿಂದ ಎಡಕ್ಕೆ, ತಲೆಯ ಮೇಲಿಂದ ಹಿಂದಕ್ಕೆ. ಮೂರು ಸುತ್ತಾಯಿತು. ಕಾವಲಿನ ಆಚೆ ಹೊಲಗಳಲ್ಲಿ ಶೇಂಗಾ ಆಯುತ್ತಿದ್ದ ಹೆಂಗಸರು ಎದ್ದು ನಿಂತು ಆಕಾಶ ಹುಡುಕುತ್ತಿದ್ದರು. ನಾಲ್ಕನೆಯ ಸುತ್ತಿನಲ್ಲಿ, ಇಳಿಸಲೆಂದು ತಿರುಗಿಸಿದಾಗ, ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು. ಸೀಮೆಎಣ್ಣೆಯ ಪೈಪಿನಲ್ಲಿ ಗಾಳಿಗುಳ್ಳೆ ಸೇರಿ ಎಂಜಿನ್ ಆರಿತ್ತು.

ರಾಮಾಂಜನೇಯನ ಬೆರಳುಗಳು ಅವಳ ಭುಜಕ್ಕೆ ಕಚ್ಚಿಕೊಂಡವು. “ವನಜಾ! ಎಲ್ಲೋಯ್ತು? ಏನಾಯ್ತು? ಎಲ್ಲೈತೆ?” ಸದ್ದಿಲ್ಲದ ಆಕಾಶದಲ್ಲಿ ಅವನ ಮುಖ ಎಲ್ಲೆಲ್ಲೋ ತಿರುಗಿತು.

“ನನ್ನ ಕಣ್ಣಾಗೈತೆ,” ಎಂದಳು ವನಜಾಕ್ಷಿ. ಅವಳ ದನಿ ಅಲುಗಲಿಲ್ಲ. “ನೀವು ಸುಮ್ನಿರಿ.”

ಎದುರಿಗೆ ಬರುತ್ತಿದ್ದ ಜೆಟ್ಟಿನ ಎಡರೆಕ್ಕೆ ಬಿತ್ತು, ಅವಳು ಆಸರೆ ಕೊಟ್ಟಳು. ಬಲ ಬಿತ್ತು, ಅದಕ್ಕೂ ಕೊಟ್ಟಳು. ಜೆಟ್ಟಿಗೆ ಮಣ್ಣುದಾರಿ ಸಿಗಲಿಲ್ಲ. ಹುಲ್ಲಿನ ಮೇಲೆ ಸರ್ರನೆ ಜಾರಿ, ಒಂದು ಗಾಲಿ ಕಳಚಿ, ಅಡ್ಡ ತಿರುಗಿ ನಿಂತಿತು. ದೊಡ್ಡೀರಪ್ಪ ಮೊದಲು ಕೂಗಿದ. ಕೆಂಚಣ್ಣ ಗೋಣಿಚೀಲ ಹಿಡಿದು ಓಡಿದ, ಆರಿಸಲು ಬೆಂಕಿಯೇನೂ ಇರಲಿಲ್ಲ.

ವನಜಾಕ್ಷಿ ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟಳು. ನೆಲದ ಮೇಲೆ ಕೂತು ನಕ್ಕಳು, ಅತ್ತಳು. ಅವನೂ ಪಕ್ಕದಲ್ಲಿ ಕೂತು, ಅವಳ ಭುಜದ ಮೇಲೆ ತನ್ನ ಬೆರಳು ಊರಿದ್ದ ಜಾಗವನ್ನು ಸವರುತ್ತ, “ನೋಯ್ತಾ?” ಎಂದು ಕೇಳಿದ.

“ನೋಯ್ತು,” ಎಂದಳು. “ಇರ್ಲಿ ಬಿಡ್ರಿ.”

ಆಮೇಲೆ ಇಬ್ಬರೂ ಕೈ ಹಿಡಿದುಕೊಂಡು ಹುಲ್ಲಿನಲ್ಲಿ ನಡೆದುಹೋಗಿ ಜೆಟ್ಟನ್ನು ಎತ್ತಿಕೊಂಡು ಬಂದರು.

ಆ ಜೆಟ್ಟು ಮೂರು ವರ್ಷಗಳಲ್ಲಿ ಇಪ್ಪತ್ತಾರು ಸಲ ಹಾರಿತು. ಅಷ್ಟರಲ್ಲಿ ರಾಮಾಂಜನೇಯನಿಗೆ ಬೆಳಕು, ಕತ್ತಲೆ ಎರಡೇ ಉಳಿದಿದ್ದವು. ಅಂಗಡಿಯನ್ನು ಮುಚ್ಚಬೇಕಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ವನಜಾಕ್ಷಿ ಮುಚ್ಚಲಿಲ್ಲ. ಬೆಳಗಿನ ಅಡುಗೆ ಮುಗಿಸಿ, ಮಾಸಿದ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಸ್ಟೂಲಿನ ಮೇಲೆ ಕೂತು ಟರ್ಬೋ ಬಿಚ್ಚತೊಡಗಿದಳು. ಬಳ್ಳಾರಿ ಕಡೆಯ ಡ್ರೈವರುಗಳು ಮೊದಮೊದಲು, “ಅಮ್ಮಾ, ಅಣ್ಣಾವ್ರಿಲ್ವಾ?” ಎಂದು ಹಿಂದೆಮುಂದೆ ನೋಡುತ್ತಿದ್ದರು. ಆಮೇಲೆ, “ಅಕ್ಕ ಮಾಡಿದ್ರೆ ನಡುಗೋದಿಲ್ಲ,” ಎಂದು ಅವಳನ್ನೇ ಹುಡುಕಿಕೊಂಡು ಬರತೊಡಗಿದರು.

ಇಪ್ಪತ್ತಾರನೆಯ ಹಾರಾಟದಲ್ಲಿ ಚಕ್ರದ ಒಂದು ಎಸಳು ಮುರಿದು, ಜೆಟ್ಟು ಬಾಲದ ಕಡೆಯಿಂದ ಉರಿದುಹೋಯಿತು. ಕೆಂಚಣ್ಣ ಇನ್ನೊಂದು ಮಾಡೋಣ ಎಂದ. ರಾಮಾಂಜನೇಯ, “ಸಾಕು ಬಿಡಲೇ, ಆಯ್ತಲ್ಲ,” ಎಂದ. ವನಜಾಕ್ಷಿ ಹನುಮಂತರಾಜುಗೆ ತಾನೇ ಫೋನ್ ಮಾಡಿ ಉಕ್ಕಿನ ತುಂಡು ತರಿಸಿದಳು. ಹೊಸ ಚಕ್ರದ ಎಸಳುಗಳನ್ನು ಅವಳೇ ಸೀಳಿ ತಿರುಚಿದಳು. ಅವನು ಪ್ರತಿಯೊಂದನ್ನೂ ಹೆಬ್ಬೆರಳಿನಲ್ಲಿ ಅಳೆದು, “ಏಳನೇದು ಸ್ವಲ್ಪ ಮಲಗೈತೆ” ಎಂದೋ, “ಹದಿಮೂರನೇದು ಸರಿಯಾಯ್ತು” ಎಂದೋ ಹೇಳಿದ. ಹೊಸ ಫೋಮಿನ ಮೈಯನ್ನು ಹಿತ್ತಲಲ್ಲಿ ಒಣಗಲು ಇಟ್ಟಿದ್ದ ಒಂದು ಮಧ್ಯಾಹ್ನ ಅವನು ಅದರ ಪಕ್ಕ ಕೂತು ರೆಕ್ಕೆಯ ಮೇಲೆ ಕೈಯಾಡಿಸಿದ. ಬೆರಳಿಗೆ ಇನ್ನೂ ಅಂಟಂಟು ಬಣ್ಣ ಹತ್ತಿತು.

“ಯಾವ ಬಣ್ಣ ಬಳಿದೀಯ?” ಎಂದು ಕೇಳಿದ.

ವನಜಾಕ್ಷಿ ಕೈ ಒರೆಸಿಕೊಳ್ಳುತ್ತ ಯೋಚಿಸಿದಳು. “ಬದನೆ ಹೂವಿನ ಬಣ್ಣ,” ಎಂದಳು. “ಹೊಟ್ಟೆಗೆ ಮಾತ್ರ ಅರಿಶಿನ.”

ಅವನು ಬೆರಳಿಗೆ ಹತ್ತಿದ ಬಣ್ಣವನ್ನು ಮೂಸಿ ನೋಡಿದ. “ಚೆನ್ನಾಗಿರ್ತೈತೆ,” ಎಂದ. “ಯಾವಾಗ ಒಣಗ್ತೈತೆ?”

“ಭಾನುವಾರದೊಳಗೆ,” ಎಂದಳು ಅವಳು.